ಸತ್ತಳು ಅಂತ ಬರೀರಿ

ಬಣ್ಣದ ಕಾರ್ಖಾನೆಯ ಹೆಂಗಸರ ಪಕ್ಕ ಬಸ್ಸಿನಲ್ಲಿ ಯಾರೂ ಕೂರುವುದಿಲ್ಲ. ಸೀಟು ಖಾಲಿ ಬಿದ್ದಿದ್ದರೂ ನಿಂತೇ ಹೋಗುತ್ತಾರೆ. ಅಂಗಡಿಯವನು ಸಾಮಾನನ್ನು ಕೈಗೆ ಕೊಡದೆ ಹಲಗೆಯ ಮೇಲಿಟ್ಟು ಈಚೆ ತಳ್ಳುತ್ತಾನೆ. ಆದರೆ ಚುನಾವಣೆಯ ದಿನ ನೋಡಿ, ಇದೇ ಹೆಂಗಸರನ್ನು ಬಾಗಿಲಿಗೆ ಬಂದು ಕರೆಯುತ್ತಾರೆ, ವ್ಯಾನಿನ ಮೆತ್ತನೆ ಸೀಟಿನಲ್ಲಿ ಕೂರಿಸುತ್ತಾರೆ, ಕುಡಿಯಲು ತಣ್ಣನೆ ನೀರು ಕೊಡುತ್ತಾರೆ. ಇಷ್ಟಕ್ಕೆಲ್ಲ ಕಾರಣ ಅವರ ಕೈ.

ಮೊಣಕೈವರೆಗೂ ಕಪ್ಪು ಆ ಕೈ. ಉಗುರು ಕಪ್ಪು, ಉಗುರಿನ ಸಂದಿ ಕಪ್ಪು, ಅಂಗೈ ಗೆರೆ ಕಪ್ಪು. ದಿನಕ್ಕೆ ಹತ್ತು ಗಂಟೆ ಕುದಿಯುವ ಬಣ್ಣದ ನೀರಿನಿಂದ ಬಟ್ಟೆ ಎತ್ತಿ ಹಿಂಡುವ ಕೈ. ಸೋಪು ಹಾಕಿದರೂ ಸೀಮೆಎಣ್ಣೆ ಹಾಕಿದರೂ ಕಲ್ಲಿಗೆ ಉಜ್ಜಿದರೂ ಚರ್ಮ ಕಿತ್ತು ಬರುತ್ತದೆಯೇ ಹೊರತು ಬಣ್ಣ ಹೋಗುವುದಿಲ್ಲ. ಓಟು ಹಾಕಿದವರ ಬೆರಳಿಗೆ ಗುರುತಿನ ಶಾಯಿ ಹಚ್ಚುತ್ತಾರಲ್ಲ, ಈ ಬೆರಳಿನ ಮೇಲೆ ಅದು ಎಲ್ಲಿ ಕಾಣಬೇಕು? ಒಬ್ಬಳು ಬೆಳಿಗ್ಗೆಯಿಂದ ಸಂಜೆಯೊಳಗೆ ನಾಲ್ಕು ಓಟು ಹಾಕಿ ಬಂದರೂ ಬೆರಳು ಹೇಗಿತ್ತೋ ಹಾಗೇ ಇರುತ್ತದೆ. ಇದನ್ನು ಮೊದಲು ಕಂಡುಹಿಡಿದವನು ಕಾರ್ಖಾನೆಯ ಮೇಸ್ತ್ರಿ. ತಲೆ ಇದ್ದವನು.

ಕಾರ್ಖಾನೆಯ ಮಾಲೀಕ ದೇಶದ ದೊಡ್ಡ ಚುನಾವಣೆಗೆ ನಿಂತಿದ್ದ. ಹಿಂದಿನ ಸಲವೂ ನಿಂತು ಗೆದ್ದಿದ್ದ. ಸತ್ತವರ, ಊರು ಬಿಟ್ಟವರ, ಹಾಸಿಗೆ ಹಿಡಿದವರ ಚೀಟಿಗಳನ್ನೆಲ್ಲ ಮೇಸ್ತ್ರಿ ಕಲೆಹಾಕಿ ಕಟ್ಟು ಕಟ್ಟಿ ಇಟ್ಟುಕೊಂಡಿದ್ದ. ಹೆಸರು ಓದುವ ಗೋಜಿಗೆ ಅವನು ಹೋಗುತ್ತಿರಲಿಲ್ಲ. ವಯಸ್ಸು ನೋಡಿ ಹಂಚುತ್ತಿದ್ದ. ಮೂವತ್ತರವಳಿಗೆ ಮೂವತ್ತರ ಚೀಟಿ, ಅರವತ್ತರವಳಿಗೆ ಅರವತ್ತರದು. ಹಂಚುವಾಗ ಹೇಳುವುದು ಒಂದೇ ಮಾತು. "ಒಳಗೆ ಯಾವ ಹೆಸರು ಕೂಗಿದ್ರೂ ಹೌದು ನಾನೇ ಅನ್ನಿ. ಮೇಲಿಂದ ಎರಡನೇ ಚಿತ್ರ. ಗುಂಡಿ ಒತ್ತಿ, ಬನ್ನಿ. ಬಾಯಿ ಬಿಚ್ಚಬೇಡಿ."

ಅಕ್ಕ ಬಾಯಿ ಬಿಚ್ಚುವವಳಲ್ಲ. ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಅವಳಿಗಿಂತ ದೊಡ್ಡವರೂ. ನಲವತ್ತಕ್ಕೆ ಇನ್ನೂ ಎರಡು ವರ್ಷವಿತ್ತು. ಗಂಡ ಇಲ್ಲ, ಮಕ್ಕಳಿಲ್ಲ. ಕಾರ್ಖಾನೆಯ ಸಾಲುಮನೆಗಳಲ್ಲಿ ಒಂದು ಕೋಣೆ, ಕೋಣೆಯಲ್ಲಿ ತಂಗಿಯ ಮಗಳು. ಹುಡುಗಿಗೆ ಹನ್ನೊಂದು ವರ್ಷ. ಐದನೇ ತರಗತಿ. ಅಕ್ಕನಿಗೆ ಅಕ್ಷರ ಗೊತ್ತಿಲ್ಲ. ಬಸ್ಸಿನ ಬೋರ್ಡಿರಲಿ, ಔಷಧಿ ಸೀಸೆಯ ಮೇಲಿನ ಚೀಟಿಯಿರಲಿ, ಓದುವುದು ಹುಡುಗಿಯೇ.

ಆ ದಿನ ಶಾಲೆಗೆ ರಜೆ. ಹುಡುಗಿಯನ್ನು ಒಬ್ಬಳನ್ನೇ ಬಿಟ್ಟು ಬರಲು ಮನಸ್ಸಾಗದೆ ಅಕ್ಕ ವ್ಯಾನಿನಲ್ಲಿ ಪಕ್ಕ ಕೂರಿಸಿಕೊಂಡಳು. ಬೆಳಿಗ್ಗೆ ಎಂಟಕ್ಕೇ ಮೊದಲ ಮತಗಟ್ಟೆಯಲ್ಲಿ ತನ್ನ ಓಟು ಹಾಕಿದ್ದಳು. ಮೇಲಿಂದ ಎರಡನೇ ಚಿತ್ರಕ್ಕೇ ಹಾಕಿದ್ದಳು. ಕೋಣೆ ಮಾಲೀಕನದು, ಕೆಲಸ ಅವನದು, ಕುಡಿಯುವ ನಲ್ಲಿ ನೀರೂ ಅವನದು. ಇನ್ನು ಯಾರಿಗೆ ಹಾಕುತ್ತಾಳೆ? ಈಗ ಎರಡನೇ ಮತಗಟ್ಟೆಗೆ ಹೊರಟಿದ್ದರು.

ಹಿಂದಿನ ಸೀಟಿನಲ್ಲಿ ಕೆಮ್ಮಜ್ಜಿ ಕೂತಿದ್ದಳು. ಬಣ್ಣದ ಆವಿ ಕುಡಿದು ಕುಡಿದು ಕೆಮ್ಮೇ ಅವಳ ಹೆಸರಾಗಿತ್ತು. "ಬೆಳಿಗ್ಗೆ ಏನಾಯ್ತು ಗೊತ್ತಾ," ಎಂದಳು, "ಮೇಸ್ತ್ರಿ ಕಣ್ತಪ್ಪಿ ನಂಗೆ ಇಪ್ಪತ್ತೆರಡು ವರ್ಷದವಳ ಚೀಟಿ ಕೊಟ್ಟುಬಿಟ್ಟ. ಒಳಗಿನ ಗುಮಾಸ್ತ ತಲೆ ಎತ್ತಿದ್ರೆ ತಾನೇ! ಹೋಗಮ್ಮ ಅಂದ. ಈ ವಯಸ್ಸಲ್ಲಿ ಮತ್ತೆ ಹುಡುಗಿ ಆದೆ ನೋಡ್ರೇ. ಇನ್ನೊಂದು ಸುತ್ತು ಹಾಕಿದ್ರೆ ಗಂಡು ನೋಡೋಕೂ ಬರ್ತಾರೆ."

ವ್ಯಾನಿನಲ್ಲಿ ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು. ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು. ಥೇಟು ತಂಗಿಯದೇ ನಗು.

ಗಂಡ ಬಿಟ್ಟುಹೋದ ಆ ತಂಗಿಯನ್ನು ಕಾರ್ಖಾನೆಯಲ್ಲಿ ಬಾಯಿಬಡುಕಿ ಎನ್ನುತ್ತಿದ್ದರು. ಅಂದದ್ದು ಸುಳ್ಳೇನಲ್ಲ. ಕೈಗವಸು ಎಲ್ಲಿ ಅಂತ ಕೇಳಿದವಳು ಅವಳು. ಕುಡಿಯುವ ನೀರಲ್ಲಿ ಬಣ್ಣ ಯಾಕೆ ಬರತ್ತೆ ಅಂತ ಕೇಳಿದವಳು ಅವಳು. ಹಿಂದಿನ ಚುನಾವಣೆಗೆ ವ್ಯಾನು ಬಂದಾಗ ಹತ್ತುವುದಿಲ್ಲ ಎಂದವಳೂ ಅವಳೊಬ್ಬಳೇ.

"ನಂದೊಂದು ಓಟು ಹಾಕೋಕೇ ಯೋಗ್ಯನಾದೋನು ಸಿಗ್ತಿಲ್ಲ. ನಿಮ್ಮ ನಾಲ್ಕನ್ನ ಯಾರ ತಲೆ ಮೇಲೆ ಸುರೀಲಿ?" ಎಂದಿದ್ದಳು ಮೇಸ್ತ್ರಿಗೆ.

ಊಟದ ಹೊತ್ತಲ್ಲಿ ಹೆಂಗಸರು ಸುತ್ತ ಕೂತು ಅವಳನ್ನು ಕೆಣಕಿದ್ದರು. ಹಾಗಾದ್ರೆ ನೀನು ಯಾರಿಗೆ ಹಾಕ್ತೀಯೇ ಮಹಾರಾಣಿ? ಅವಳು ಕೈ ತೊಳೆದು ಬಂದು ಹೇಳಿದ್ದಳು, "ಕೇಳ್ಕೊಳ್ಳಿ. ನಂಗೆ ರಸ್ತೆ ಬೇಡ, ದೀಪ ಬೇಡ, ಸೀರೆ ಅಂತೂ ಬೇಡ್ವೇ ಬೇಡ. ನಾನು ಮಾತಾಡ್ವಾಗ ನನ್ನ ಮುಖ ನೋಡೋನು ಬೇಕು. ಹೆಂಗಸು, ಕೂಲಿಯವಳು, ಕಪ್ಪು ಕೈಯವಳು ಅಂತ ಮೂಗು ಮುಚ್ಕೊಳ್ಳದೇ ಇರೋನು. ಸುಳ್ಳು ಹೇಳದೇ ಇರೋನು. ನನ್ನ ಮಗಳಿಗೆ ನಾನು ಏನು ಹೇಳ್ಕೊಡ್ತೀನೋ ಅಷ್ಟಾದ್ರೂ ಅವನಿಗೆ ಇರ್ಬೇಕು. ಅಂಥೋನು ಇಲ್ದಿದ್ರೆ ಯಾರೂ ಬೇಡ ಅನ್ನೋ ಗುಂಡಿ ಒತ್ತಿ ಬರ್ತೀನಿ. ನೀವು ನಗಿ ಬೇಕಾದ್ರೆ. ವರ್ಷವೆಲ್ಲ ಹೂಂ ಹೂಂ ಅಂತೀವಿ. ಐದು ವರ್ಷಕ್ಕೆ ಒಂದ್ಸಲ ಊಹೂಂ ಅನ್ನೋಕೆ ಕೊಟ್ಟಿದಾರೆ, ಅದನ್ನೂ ಮಾರ್ಕೊಂಡು ತಿನ್ನಲಾ?"

ಹೆಂಗಸರು ನಕ್ಕರು. ಅಕ್ಕ ಹೆದರಿದಳು. "ಬಾಯಿ ಮುಚ್ಕೊಂಡು ಅನ್ನ ತಿನ್ನೇ," ಎಂದಳು.

ಎರಡು ವರ್ಷದ ಕೆಳಗೆ, ಒಂದು ಶನಿವಾರ ಮಧ್ಯಾಹ್ನ, ಕಾರ್ಖಾನೆಯ ಕೊಳಕು ನೀರಿನ ತೊಟ್ಟಿ ಹೂಳು ತುಂಬಿ ಕಟ್ಟಿಕೊಂಡಿತ್ತು. ಹಿಂದಿನ ತಿಂಗಳು ಅದರೊಳಗೆ ಒಬ್ಬ ತಲೆ ತಿರುಗಿ ಬಿದ್ದಿದ್ದರಿಂದ ಗಂಡಸರು ಇಳಿಯುವುದಿಲ್ಲ ಎಂದರು. ಮೇಸ್ತ್ರಿ ಸುತ್ತ ನೋಡಿದ. ತಂಗಿ ಅದೇ ಹೊತ್ತಿಗೆ ಕೈಗವಸಿನ ಮಾತು ತೆಗೆದಿದ್ದಳು.

"ಬಾಯಿ ಜಾಸ್ತಿ ಅಲ್ವಾ ನಿಂಗೆ? ಮೈಯೂ ಸಣ್ಣ. ತೂತಲ್ಲಿ ಸಲೀಸಾಗಿ ಹೋಗ್ತೀಯ. ಇಳಿ. ಇಲ್ಲಾಂದ್ರೆ ಅಕ್ಕ ತಂಗಿ ಇಬ್ರೂ ಇವತ್ತೇ ಗಂಟು ಕಟ್ಟಿ."

ಅಕ್ಕ ಅಲ್ಲೇ ಇದ್ದಳು. ಇಳೀಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ತಂಗಿ ಅವಳ ಮುಖ ನೋಡಿದಳು, ಸೆರಗು ಬಿಗಿದಳು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡಳು, ಇಳಿದಳು. ಐದು ನಿಮಿಷವಾಗಿರಬೇಕು. ಹಗ್ಗ ಅಲ್ಲಾಡಲಿಲ್ಲ. ಎಳೆದರು.

ಮೈಯನ್ನು ಕಾರ್ಖಾನೆಯ ನಲ್ಲಿಯ ಕೆಳಗೆ ತೊಳೆದವಳು ಅಕ್ಕ. ಮೂಗಿನಿಂದ, ಬಾಯಿಂದ, ಕಿವಿಯಿಂದ ಹೂಳು ತೆಗೆದಳು. ಎಷ್ಟು ತೊಳೆದರೂ ಮೈ ತನ್ನ ಬಣ್ಣಕ್ಕೆ ಬರಲಿಲ್ಲ. ಹಾಡಹಗಲೇ, ಪಾಳಿ ಬಿಡುವ ಮುಂಚೆ, ಕಾರ್ಖಾನೆಯ ಹಿಂದೆ ಹೂಳು ಸುರಿಯುವ ಜಾಗದಲ್ಲಿ ಮಣ್ಣು ಮಾಡಿದರು. ಆಮೇಲೆ ಮೇಸ್ತ್ರಿ ಒಂದು ಕಾಗದ ತಂದ. ತಂಗಿ ಯಾರೊಂದಿಗೋ ಓಡಿಹೋಗಿದ್ದಾಳೆ, ಕೆಲಸ ಬಿಟ್ಟಿದ್ದಾಳೆ, ಎಲ್ಲಿದ್ದಾಳೋ ಗೊತ್ತಿಲ್ಲ ಎಂದು ಬರೆದಿದ್ದ ಕಾಗದ. "ಒತ್ತಿದ್ರೆ ಕೋಣೆ ನಿಂದೇ, ಕೆಲಸ ನಿಂದೇ. ಆ ಮಗೂನ ಓದಿಸ್ಬೋದು. ಒತ್ತಿಲ್ಲ ಅಂದ್ರೆ ಮಗೂನ ಕರ್ಕೊಂಡು ಎಲ್ಲಿಗೆ ಹೋಗ್ತೀಯ, ನೀನೇ ಹೇಳು."

ಅಕ್ಕ ಹೆಬ್ಬೆಟ್ಟು ಒತ್ತಿದಳು. ಕೋಣೆಗೆ ಬಂದು ಒಂಬತ್ತು ವರ್ಷದ ಮಗುವಿಗೆ ಹೇಳಿದಳು, "ನಿಮ್ಮಮ್ಮ ಹೋಗ್ಬಿಟ್ಳು ಕಣೇ." ಎಲ್ಲಿಗೆ ಅಂತ ಕೇಳಿತು ಮಗು. ಉತ್ತರವನ್ನು ಮೇಸ್ತ್ರಿಗೆ ಹೆದರಿದ ಸಾಲುಮನೆಯವರೇ ಕೊಟ್ಟರು, ಓಡಿಹೋದಳು ಅಂತ. ಶಾಲೆಯಲ್ಲಿ ಓಡಿಹೋದವಳ ಮಗಳು ಅಂತ ಹೆಸರು ಬಿತ್ತು. ಮೊದಮೊದಲು ಮಗು ಬಾಗಿಲಲ್ಲಿ ಕೂತು ಕಾಯುತ್ತಿತ್ತು. ಆರು ತಿಂಗಳಾದ ಮೇಲೆ ಕಾಯುವುದು ಬಿಟ್ಟಿತು. "ದೊಡ್ಡಮ್ಮ, ಅವಳು ಬಂದ್ರೆ ಬಾಗಿಲು ತೆಗೀಬೇಡ," ಎಂದಿತು ಒಂದು ದಿನ. ಅಕ್ಕ ಹೂಂ ಎಂದಳು. ಹೂಂ ಅನ್ನದೆ ಇನ್ನೇನು ಅನ್ನಬೇಕಿತ್ತು, ಆ ಪಾಪಿ?

ಎರಡನೇ ಮತಗಟ್ಟೆ ಒಂದು ಶಾಲೆಯ ಕೋಣೆ. ಹುಡುಗಿಯನ್ನು ಕೆಮ್ಮಜ್ಜಿಯ ಜೊತೆ ಜಗುಲಿಯ ಆ ತುದಿಯಲ್ಲಿ ಬಿಟ್ಟು ಅಕ್ಕ ಸಾಲಲ್ಲಿ ನಿಂತಳು. ಒಳಗೆ ಮೂರು ಮೇಜು. ಒಂದರ ಹಿಂದೆ ಗುಮಾಸ್ತ, ಮುಂದೆ ದಪ್ಪ ಪಟ್ಟಿ. ಇನ್ನೊಂದರಲ್ಲಿ ಶಾಯಿ ಹಚ್ಚುವವಳು. ಮೂರನೆಯದರಲ್ಲಿ ಕನ್ನಡಕದ ಅಧಿಕಾರಿ. ಗೋಡೆಯ ಬದಿ ಬೆಂಚಿನ ಮೇಲೆ ಮಾಲೀಕನ ಕಡೆಯ ಏಜೆಂಟ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಎದುರು ಪಕ್ಷದ ಏಜೆಂಟ್ ಅವನ ಪಕ್ಕದಲ್ಲೇ ತೂಕಡಿಸುತ್ತಿದ್ದ.

ಅಕ್ಕ ಚೀಟಿ ಕೊಟ್ಟಳು. ಗುಮಾಸ್ತ ನಂಬರು ನೋಡಿ ಪಟ್ಟಿಯ ಹಾಳೆ ತಿರುವಿದ. ಬೆರಳಿಟ್ಟು ಹೆಸರು ಓದಿದ. ಗಟ್ಟಿಯಾಗಿ ಓದಿದ.

ತಂಗಿಯ ಹೆಸರು.

ಎರಡು ವರ್ಷದಿಂದ ಆ ಹೆಸರನ್ನು ಅಕ್ಕ ಯಾರ ಬಾಯಲ್ಲೂ ಕೇಳಿರಲಿಲ್ಲ. ಬೇರೆ ಯಾರದೋ ಇರಬಹುದು ಎಂದುಕೊಂಡಳು. ಗುಮಾಸ್ತ ಅಪ್ಪನ ಹೆಸರನ್ನೂ ಓದಿದ. ತನ್ನ ಅಪ್ಪನದೇ. ಬಗ್ಗಿ ಪಟ್ಟಿ ನೋಡಿದಳು. ಅಕ್ಷರ ಬಾರದಿದ್ದರೇನು, ಪಕ್ಕದಲ್ಲಿ ಉಗುರಿನಷ್ಟು ಅಗಲದ ಚಿತ್ರವಿತ್ತು. ಕ್ಯಾಮೆರಾ ಮುಂದೆ ನಗಬೇಡ ಎಂದವರಿಗೆ ಮೂತಿ ತಿರುಗಿಸಿದ ಮುಖ. ಕೋಣೆಯಲ್ಲಿ ತಂಗಿಯದು ಒಂದು ಚಿತ್ರವೂ ಇಲ್ಲ. ಇಲ್ಲಿದೆ. ಇಷ್ಟು ದಿನ ಇಲ್ಲಿತ್ತು.

ಗುಮಾಸ್ತ ಚಿತ್ರ ನೋಡಿ, ಇವಳ ಮುಖ ನೋಡಿದ. ಅಕ್ಕ ತಂಗಿ ಒಂದೇ ಅಚ್ಚು. "ನೀನೇ ತಾನೇ?" ಎಂದ.

ಹೌದು ನಾನೇ ಅನ್ನಬೇಕು. ಎಷ್ಟು ಚುನಾವಣೆಯಲ್ಲಿ ಅಂದಿಲ್ಲ? ಯಾರಯಾರ ಹೆಸರಿಗೋ ಹೌದು ನಾನೇ ಎಂದು ಬಂದಿದ್ದಳು. ಪಾಪ ಅನ್ನಿಸಿರಲಿಲ್ಲ, ಕೆಲಸ ಅನ್ನಿಸಿತ್ತು. ಅವರೆಲ್ಲ ಯಾರ ತಂಗಿಯೋ, ಯಾರ ತಾಯಿಯೋ ಎಂದು ಈಗ ಹೊಳೆಯಿತು.

"ಏನಮ್ಮ, ಕಿವಿ ಕೇಳ್ಸಲ್ವಾ? ನೀನೇ ತಾನೇ?"

"ಅಲ್ಲ," ಎಂದಳು ಅಕ್ಕ.

ಬೆಂಚಿನ ಮೇಲಿನ ಏಜೆಂಟ್ ಕಾಲಿಳಿಸಿದ. ನಗುತ್ತಲೇ ಎದ್ದು ಬಂದ. "ಸಾರ್, ಬಿಸಿಲಿಗೆ ತಲೆ ಸುತ್ತಿದೆ ಆಯಮ್ಮಂಗೆ. ನಮ್ಮ ಕಾರ್ಖಾನೆಯವಳೇ. ಅವಳೇ ಇವಳು."

"ಅವಳು ನಾನಲ್ಲ. ಅವಳು ಸತ್ತಿದಾಳೆ. ನನ್ನ ತಂಗಿ ಅವಳು. ಎರಡು ವರ್ಷ ಆಯ್ತು."

ಸಾಲು ನಿಂತಿತು. ಅಧಿಕಾರಿ ಕನ್ನಡಕ ತೆಗೆದು ಒರೆಸಿದ. ಕೆಟ್ಟವನಲ್ಲ. ಸಂಜೆಯೊಳಗೆ ಗಲಾಟೆ ಇಲ್ಲದೆ ಮತಯಂತ್ರ ಕಟ್ಟಿ ಮನೆ ಸೇರಬೇಕು ಎಂಬುದಷ್ಟೇ ಅವನ ಆಸೆ. "ಸತ್ತಿದ್ದಕ್ಕೆ ಸರ್ಟಿಫಿಕೇಟ್ ಇದೆಯೇನಮ್ಮ?"

"ಇಲ್ಲ ಸಾರ್. ಯಾರೂ ಕೊಡ್ಲಿಲ್ಲ."

"ಮತ್ತೆ ಪಟ್ಟಿಯಲ್ಲಿ ಹೆಸರಿದೆ. ಪಟ್ಟಿಯಲ್ಲಿದ್ರೆ ಇದಾರೆ ಅಂತ ಲೆಕ್ಕ. ನಾನೇನು ಮಾಡ್ಲಿ?"

"ನೀವು ಬರೀರಿ. ಸತ್ತಳು ಅಂತ ಬರೀರಿ."

ಅಷ್ಟರಲ್ಲಿ ಯಾರೋ ಸುದ್ದಿ ಮುಟ್ಟಿಸಿ ಮೇಸ್ತ್ರಿ ಬಾಗಿಲಿಗೆ ಬಂದಿದ್ದ. ಒಳಗೆ ಬರುವಂತಿಲ್ಲ. ಬಾಗಿಲ ಚೌಕಟ್ಟಿಗೆ ಕೈಕೊಟ್ಟು ನಿಂತು ಮೆತ್ತಗೆ ಹೇಳಿದ. "ಅಕ್ಕಾ, ಯಾವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದೀಯ ನೆನಪಿದೆಯಾ? ಓಡಿಹೋದ್ಳು ಅಂತ ಒತ್ತಿದೋಳು ನೀನೇ. ಈಗ ಸತ್ತಳು ಅಂದ್ರೆ ಮೊದ್ಲು ಒಳಗೆ ಹೋಗೋಳೂ ನೀನೇ. ಸಂಜೆ ಕೋಣೆ ಖಾಲಿ ಮಾಡಿಸ್ತೀನಿ. ಮಗು ಬೀದೀಲಿ ಮಲಗತ್ತೆ. ಒಳ್ಳೆ ಮಾತಲ್ಲಿ ಹೇಳ್ತಿದೀನಿ, ಹಾಕಿ ಬಾ."

ಅಕ್ಕನಿಗೆ ಗೊತ್ತಿತ್ತು, ಇವನು ಹೇಳಿದ್ದನ್ನು ಮಾಡುತ್ತಾನೆ. ಸಂಜೆ ಎಲ್ಲಿಗೆ? ಒಂದು ಮುಖವೂ ನೆನಪಿಗೆ ಬರಲಿಲ್ಲ. ಕೈ ಜೋಡಿಸಿ ತಪ್ಪಾಯ್ತು ಎಂದು ಚೀಟಿ ತೆಗೆದುಕೊಳ್ಳುವುದರಲ್ಲೇ ಇದ್ದಳು.

ಅಧಿಕಾರಿ ಅದನ್ನು ಕಂಡು ದನಿ ತಗ್ಗಿಸಿದ. "ನೋಡಮ್ಮ, ಸುಮ್ನೆ ಯಾಕೆ ಕಷ್ಟ ತಂದ್ಕೊಳ್ತೀಯ? ಒಳಗೆ ಪರದೆ ಇದೆ. ನೀನು ಯಾರಿಗೆ ಒತ್ತಿದೆ ಅಂತ ದೇವರಿಗೂ ಗೊತ್ತಾಗಲ್ಲ. ನಿನ್ನ ತಂಗಿ ಇದ್ದಿದ್ರೆ ಯಾರಿಗೆ ಹಾಕ್ತಿದ್ಳೋ ಅವರಿಗೆ ಹಾಕು, ಹೋಗು."

ಮಾತು ಒಳ್ಳೆಯದೇ. ಒಂದು ಕ್ಷಣ ಅಕ್ಕನಿಗೆ ಆಸೆಯಾಯಿತು. ಪರದೆಯ ಹಿಂದೆ ಹೋಗಿ, ಆ ಎರಡನೇ ಚಿತ್ರ ಬಿಟ್ಟು ಬೇರೆಲ್ಲಾದರೂ ಒತ್ತಿಬಿಟ್ಟರೆ? ತಂಗಿಗೆ ಸೇಡು ತೀರುತ್ತದೆ, ಕೋಣೆಯೂ ಉಳಿಯುತ್ತದೆ, ನರಪಿಳ್ಳೆಗೂ ಗೊತ್ತಾಗುವುದಿಲ್ಲ. ಕಾಲು ಪರದೆಯ ಕಡೆ ಎರಡು ಹೆಜ್ಜೆ ಹಾಕಿಯೂ ಆಗಿತ್ತು. ಅಲ್ಲಿ ನಿಂತಳು.

"ಆಗಲ್ಲ ಸಾರ್," ಎಂದಳು. "ಅವಳು ಇವತ್ತು ಓಟು ಹಾಕಿದ್ಳು ಅಂದ್ರೆ ಅವಳು ಬದುಕಿದಾಳೆ ಅಂತ ಆಗತ್ತೆ. ಬದುಕಿದಾಳೆ ಅಂದ್ರೆ ಓಡಿಹೋದ್ಳು ಅಂತ ಆಗತ್ತೆ. ಅವಳು ಓಡಿಹೋಗ್ಲಿಲ್ಲ ಸಾರ್. ತೊಟ್ಟಿಗೆ ಇಳಿಸಿದ್ರು. ಹಗ್ಗ ಕಟ್ಟಿ ಇಳಿಸಿದ್ರು. ನಾನು ನಿಂತು ನೋಡಿದೆ."

"ಅಯ್ಯೋ, ಅದನ್ನೆಲ್ಲ ಇಲ್ಲಿ ಯಾಕಮ್ಮ..."

"ಮತ್ತೆಲ್ಲಿ ಹೇಳ್ಲಿ? ನೀವೇ ಹೇಳಿ, ಎಲ್ಲಿ ಹೇಳ್ಲಿ? ಬೆಳಿಗ್ಗೆ ನನ್ನ ಓಟು ಯಜಮಾನ್ರಿಗೇ ಒತ್ತಿ ಬಂದಿದೀನಿ. ಅದು ನನ್ನ ಹೊಟ್ಟೆ ಹಾಕಿದ ಓಟು. ನನ್ನ ಯೋಗ್ಯತೆ ಅಷ್ಟೇ, ನಾನು ಹೇಡಿ. ಇದು ನಂದಲ್ಲ. ಇದು ಅವಳದು. ಸುಳ್ಳು ಹೇಳೋನಿಗೆ ಹಾಕಲ್ಲ ಅಂದಿದ್ಳು. ಅವಳ ಹೆಸರಲ್ಲೇ ನಾನು ಸುಳ್ಳು ಹಾಕ್ಲಾ?"

ಅಕ್ಕ ಮೇಜಿನ ಮುಂದೆ ನೆಲದ ಮೇಲೆ ಕೂತುಬಿಟ್ಟಳು. ಹೊರಗಿನ ಸಾಲು ಗುಜುಗುಜು ಎನ್ನತೊಡಗಿತು. ಏಜೆಂಟ್ ರಟ್ಟೆ ಹಿಡಿದು ಎಬ್ಬಿಸಲು ಬಂದ. ಕಪ್ಪು ಕೈ ಕಂಡು ಎಲ್ಲಿ ಹಿಡಿಯುವುದೆಂದು ತಿಳಿಯದೆ ಹಿಂದೆ ಸರಿದ. ಆಗ ತೂಕಡಿಸುತ್ತಿದ್ದ ಎದುರು ಪಕ್ಷದ ಏಜೆಂಟ್ ಎಚ್ಚರವಾದ. ಎದ್ದು ನಿಂತ. "ಸಾರ್, ಬೇರೆಯವರ ಹೆಸರಲ್ಲಿ ಓಟು ಹಾಕೋಕೆ ಬಂದಿದಾಳೆ ಅಂತ ಅವಳೇ ಒಪ್ಕೊಂಡಿದಾಳೆ. ಇದು ಕೇಸು. ನೀವು ಬರೀದಿದ್ರೆ ನಾನು ಮೇಲಕ್ಕೆ ಬರೀತೀನಿ." ಅವನಿಗೆ ಸತ್ತ ತಂಗಿಯೂ ಬೇಕಿರಲಿಲ್ಲ, ಬದುಕಿದ ಅಕ್ಕನೂ ಬೇಕಿರಲಿಲ್ಲ. ಎದುರಾಳಿಯದು ಒಂದು ಓಟು ಕಮ್ಮಿಯಾದರೆ ಸಾಕಿತ್ತು.

ಅಧಿಕಾರಿ ನಿಟ್ಟುಸಿರುಬಿಟ್ಟ. "ಕೇಸು ಅಂದ್ರೆ ಪೋಲೀಸ್ನೋರು ಬರ್ತಾರಮ್ಮ. ಜೈಲಾಗ್ಬೋದು."

"ಆಗ್ಲಿ."

"ನಿನ್ನ ಒಳ್ಳೇದಕ್ಕೆ ಹೇಳ್ತಿದೀನಿ. ತಲೆ ಸುತ್ತಿತು ಅಂತ ಬರ್ಕೊಳ್ತೀನಿ, ಎದ್ದು ಹೋಗ್ಬಿಡು."

"ಕೇಸು ಬರೀರಿ ಸಾರ್. ಸತ್ತವಳ ಹೆಸರಲ್ಲಿ ಓಟು ಹಾಕೋಕೆ ಬಂದ್ಳು ಅಂತ ಬರೀರಿ. ಹೇಗೆ ಸತ್ತಳು ಅಂತಾನೂ ಬರೀರಿ. ಸರ್ಕಾರದ ಒಂದು ಕಾಗದದಲ್ಲಾದ್ರೂ ಅವಳು ಸತ್ತಿರ್ಲಿ."

ಅಧಿಕಾರಿ ಬರೆದ. ಬೇಸರದಿಂದಲೇ ಬರೆದ, ಆದರೆ ಅವಳು ಹೇಳಿದ್ದನ್ನು ಬಿಡದೆ ಬರೆದ. ಬರೆಯುವಷ್ಟು ಹೊತ್ತೂ ಬಾಗಿಲಲ್ಲಿ ಮೇಸ್ತ್ರಿ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ, "ಬೀಗ ಒಡೀರಿ. ಸಾಮಾನು ಹೊರಗೆ ಹಾಕಿ." ಅಕ್ಕನಿಗೆ ಕೇಳಿಸುವಂತೆಯೇ ಹೇಳುತ್ತಿದ್ದ. ಒಂದು ಟ್ರಂಕು, ಎರಡು ಪಾತ್ರೆ, ಹುಡುಗಿಯ ಪುಸ್ತಕದ ಚೀಲ. ಅಷ್ಟೇ ಇದ್ದದ್ದು. ಪುಸ್ತಕ ಒದ್ದೆಯಾಗದ ಕಡೆ ಹಾಕಲಪ್ಪಾ ಎಂದುಕೊಂಡಳು.

ಅಧಿಕಾರಿ ಕಾಗದ ಮುಂದಿಟ್ಟ. "ಓದಿ ಸಹಿ ಹಾಕು."

ಒಮ್ಮೆ ಅವರು ಬರೆದುಕೊಟ್ಟಿದ್ದಕ್ಕೆ ಒತ್ತಿ ಕೆಟ್ಟವಳು ಅವಳು. ಈ ಸಲ ಹಾಗಾಗಬಾರದು. ಇಲ್ಲಿದ್ದವರಲ್ಲಿ ಯಾರನ್ನು ನಂಬುವುದು? ಅಧಿಕಾರಿಯನ್ನೇ? ಏಜೆಂಟನ್ನೇ? ಇವಳಿಗೆ ಓದಿ ಹೇಳುವವರು ಲೋಕದಲ್ಲಿ ಒಬ್ಬರೇ. ಹಿಂದು ಮುಂದು ಯೋಚಿಸಲಿಲ್ಲ. ಜಗುಲಿಯ ಕಡೆ ತಿರುಗಿ ಕರೆದಳು. "ಬಾರೇ ಇಲ್ಲಿ. ಇದನ್ನೊಂದು ಓದು."

ಹುಡುಗಿ ಬಂದಳು. ಎಲ್ಲರೂ ತನ್ನನ್ನೇ ನೋಡುತ್ತಿರುವುದಕ್ಕೆ ನಾಚಿ ಕಾಗದ ಹಿಡಿದಳು. ಶಾಲೆಯಲ್ಲಿ ಟೀಚರ್ ಎದುರು ಓದುವ ಹಾಗೆ, ಬೆರಳಿಟ್ಟು, ಒಂದೊಂದೇ ಪದ ಬಿಡಿಸಿ ಗಟ್ಟಿಯಾಗಿ ಓದಿದಳು. ಅಮ್ಮನ ಹೆಸರು ಬಂದಾಗ ಮುಖ ಗಂಟಿಕ್ಕಿದಳು. ಆದರೂ ಓದಿದಳು. "ಎಂಬ ಮತದಾರಳು ಎರಡು ವರ್ಷಗಳ ಹಿಂದೆ... ಬಣ್ಣದ ಕಾರ್ಖಾನೆಯ ಕೊಳಚೆ ತೊಟ್ಟಿಗೆ ಇಳಿಸಲ್ಪಟ್ಟು... ಅಲ್ಲಿಯೇ ಮೃತಪಟ್ಟಿರುತ್ತಾಳೆ..."

ನಿಲ್ಲಿಸಿದಳು. ಇನ್ನೊಂದು ಸಲ ಬೆರಳಿಟ್ಟು ನೋಡಿದಳು. ಆಮೇಲೆ ದೊಡ್ಡವರ ತಪ್ಪನ್ನು ತಿದ್ದುವ ಮಕ್ಕಳ ದನಿಯಲ್ಲಿ ಹೇಳಿದಳು, "ದೊಡ್ಡಮ್ಮ, ಇವರು ತಪ್ಪು ಬರ್ದಿದಾರೆ. ಅಮ್ಮ ಓಡಿಹೋದ್ಳಲ್ವಾ? ಇಲ್ಲಿ ಸತ್ತುಹೋದ್ಳು ಅಂತ ಇದೆ."

ಅಧಿಕಾರಿ ಪೆನ್ನು ಮೇಜಿನ ಮೇಲಿಟ್ಟ.

"ತಪ್ಪಿಲ್ಲ ಕಣೇ," ಎಂದಳು ಅಕ್ಕ. "ಸರಿಯಾಗೇ ಬರ್ದಿದಾರೆ."

ಹುಡುಗಿ ಅವಳ ಮುಖವನ್ನೇ ನೋಡಿದಳು. "ಅಮ್ಮ ನನ್ನ ಬಿಟ್ಟು ಹೋಗ್ಲಿಲ್ವಾ?"

"ಇಲ್ಲ."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ದಿನಾ ಅಮ್ಮನ್ನ ಬೈತಿದ್ದೆ." ಹುಡುಗಿಯ ದನಿ ಒಡೆಯಿತು. "ದಿನಾ ಬೈತಿದ್ದೆ ದೊಡ್ಡಮ್ಮ. ಕೆಟ್ಟ ಕೆಟ್ಟ ಮಾತು ಬೈತಿದ್ದೆ. ನೀನು ಪಕ್ಕದಲ್ಲೇ ಮಲ್ಕೊಂಡು ಕೇಳಿಸ್ಕೊಳ್ತಿದ್ದೆ!"

ಕಾಗದ ಕೆಳಗೆ ಬಿತ್ತು. ಹುಡುಗಿ ಎರಡೂ ಮುಷ್ಟಿಯಿಂದ ಹೊಡೆಯತೊಡಗಿದಳು. ಎದೆಗೆ, ಮುಖಕ್ಕೆ, ಕುತ್ತಿಗೆಗೆ, ಕೈಗೆ ಸಿಕ್ಕಲ್ಲಿಗೆ. ಅಮ್ಮಾ ಅಮ್ಮಾ ಎಂದು ಚೀರುತ್ತ ಹೊಡೆದಳು. ಅಕ್ಕ ನೆಲದ ಮೇಲೆ ಕೂತಲ್ಲೇ ಕೂತಿದ್ದಳು. ಕೈ ಅಡ್ಡ ಹಿಡಿಯಲಿಲ್ಲ. ಶಾಯಿ ಹಚ್ಚುವವಳು ಎದ್ದು ಓಡಿಬಂದು ಮಗುವನ್ನು ಹಿಡಿದೆಳೆಯಲು ಹೋದಳು.

"ಬಿಡಿ ಅಮ್ಮಾ, ಹೊಡೀಲಿ," ಎಂದಳು ಅಕ್ಕ. "ಅವಳಿಗೆ ಅವಳಮ್ಮ ಸತ್ತಿದ್ದು ಇವತ್ತು."